ಗದಗಕ್ಕೆ ಒಂದೂ ಬೇಡ, ಹುಬ್ಬಳ್ಳಿಗೆ ಎರಡು: ಅಗ್ಗದ ಪುಟ್ಟ ಲ್ಯಾಪ್‌ಟಾಪಿನ ಜೊತೆ ಎರಡು ವರ್ಷ

ಮೊದಲು ತೂಕ ಹೇಳಿಬಿಡುತ್ತೇನೆ. ಡಬ್ಬಿಯ ಮೇಲೆ ಬರೆದದ್ದನ್ನು ನಂಬಲಿಲ್ಲ. ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಇಟ್ಟು ನೋಡಿದೆ. 1 ಕೆಜಿ 120 ಗ್ರಾಂ. ಚಾರ್ಜರ್ ಸೇರಿದರೆ 1 ಕೆಜಿ 300. ‘ಪಾಕೀಟು ಕಟ್ಲೇನ್ರೀ ಅಕ್ಕಾರ?’ ಅಂತ ಅಂಗಡಿಯವನು ನಕ್ಕ.

ಈ ತೂಕ ನನಗೆ ಯಾಕೆ ಮುಖ್ಯ ಅಂದರೆ, ವಾರಕ್ಕೆ ಎರಡು ಸಲ ಗದಗದಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗಿ ಬರುವವಳು ನಾನು. ಕೆಲಸ ಕನ್ನಡ ಟೈಪಿಂಗ್ ಮತ್ತು ಪ್ರೂಫ್ ನೋಡುವುದು. ನಮ್ಮೂರಿಗೆ ಮುದ್ರಣ ಕಾಶಿ ಅಂತ ಹೆಸರು. ಲಗ್ನಪತ್ರಿಕೆ, ಕ್ಯಾಲೆಂಡರ್, ಮಠದ ಪುಸ್ತಕ, ಅಂಗಡಿಯ ಬಿಲ್‌ಬುಕ್ಕು, ಒಂದಲ್ಲ ಒಂದು ಛಾಪಾಗುತ್ತಲೇ ಇರುತ್ತದೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಮೊದಲು ಪ್ರೆಸ್ಸಿಗೇ ಹೋಗಿ ಕೂರುತ್ತಿದ್ದೆ. ಈಗ ಬೆಟಗೇರಿಯ ಮನೆಯಲ್ಲೇ ಮಾಡುತ್ತೇನೆ. ಗದಗಿನ ಒಂದು ಪ್ರೆಸ್ಸಿಗೆ, ಹುಬ್ಬಳ್ಳಿಯ ಇನ್ನೊಂದಕ್ಕೆ.

ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್. ಜಗತ್ತಿನಲ್ಲೇ ಉದ್ದ ಅಂತ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ನನಗೂ ಹೆಮ್ಮೆಯೇ. ಆದರೆ ಅದರ ಮೇಲೆ ಹೆಗಲಿಗೆ ಮೂರು ಕೆಜಿ ಬ್ಯಾಗು ಹಾಕಿಕೊಂಡು ನಡೆದು ನೋಡಿ. ಆಗ ನಾನು ತಮ್ಮನ ಹಳೆಯ 15 ಇಂಚಿನ ಲ್ಯಾಪ್‌ಟಾಪನ್ನು ಎರವಲು ತಂದು ಓಡಾಡುತ್ತಿದ್ದೆ. ಒಂದು ತಿಂಗಳಿಗೇ ಬಲಗಡೆ ಹೆಗಲು ಹಿಡಿದುಕೊಂಡಿತು. ಅಮೃತಾಂಜನದ ಖರ್ಚು ಬೇರೆ.

ಹಾಗಾಗಿ 2023ರ ದೀಪಾವಳಿ ಮುಂದೆ ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನ ಆಸುಪಾಸು ಅಂಗಡಿಗಳನ್ನು ಸುತ್ತಿದೆ. ‘ಸಣ್ಣದು, ಹಗುರದ್ದು, 20 ಸಾವಿರದ ಒಳಗೆ’ ಅಂದೆ. ಅಂಗಡಿಯ ಹುಡುಗ ನನ್ನನ್ನೊಮ್ಮೆ ನೋಡಿದ. ‘ಗೇಮ್ ಗೀಮ್ ಆಡೂದಿಲ್ಲಲ್ರೀ? ಬರೇ ಟೈಪಿಂಗ್ ಅಂದ್ರ ಇದ ಭಾಳ ಆತ್ರೀ ಅಕ್ಕಾರ’ ಅಂದ. 18,900 ರೂಪಾಯಿ ಕೊಟ್ಟು ತಂದೆ. ಬ್ಯಾಗು ಫ್ರೀ. ಆ ಬ್ಯಾಗಿನ ಜಿಪ್ ಮೂರು ತಿಂಗಳೂ ಬರಲಿಲ್ಲ, ಅದು ಬೇರೆ ಮಾತು.

ಕಂಪನಿಯ ಹೆಸರು ಹೇಳುವುದಿಲ್ಲ. ಈ ಬೆಲೆಗೆ ಆಗ ನಾಲ್ಕೈದು ಕಂಪನಿಯವರ ಮಾಲು ಸಿಗುತ್ತಿತ್ತು, ಮುಚ್ಚಳದ ಬಣ್ಣ ಬಿಟ್ಟರೆ ಒಳಗೆ ಹೆಚ್ಚುಕಡಿಮೆ ಎಲ್ಲ ಒಂದೇ. 11.6 ಇಂಚಿನ ಪರದೆ. ಇಂಟೆಲ್ ಸೆಲೆರಾನ್ ಎನ್4020 ಪ್ರೊಸೆಸರ್. 4 ಜಿಬಿ ರ‍್ಯಾಮ್. 64 ಜಿಬಿ ಇಎಂಎಂಸಿ ಸ್ಟೋರೇಜ್. ವಿಂಡೋಸ್ 11. ಈ ಪಟ್ಟಿಯಲ್ಲಿ ನಾನು ಅವತ್ತು ಸರಿಯಾಗಿ ಓದಬೇಕಾಗಿದ್ದ ಎರಡು ಸಂಗತಿ ಇದ್ದವು. ಒಂದು ಇಎಂಎಂಸಿ, ಅದೇನು ಅಂತ ಮುಂದೆ ಹೇಳುತ್ತೇನೆ. ಇನ್ನೊಂದು ಪಟ್ಟಿಯ ಕೊನೆಯಲ್ಲಿ ಸಣ್ಣಗೆ ಬರೆದಿದ್ದ ಪರದೆಯ ಲೆಕ್ಕ, 1366 ಗುಣಿಸು 768. ದಿನವೆಲ್ಲ ಮಂದಿಯ ತಪ್ಪು ಹುಡುಕುವವಳು ನಾನು, ಇದನ್ನೇ ಬಿಟ್ಟೆ.

ವಿಂಡೋಸ್ 11 ಹಾಕಬೇಕೆಂದರೆ ಕಡಿಮೆ ಅಂದರೂ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಇರಬೇಕು ಅಂತ ನಿಯಮ. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದೂ ಅಷ್ಟೇ. ಎಸ್‌ಎಸ್‌ಎಲ್‌ಸಿಯಲ್ಲಿ ಲೆಕ್ಕಕ್ಕೆ ಪಾಸಿಗೆ ಬೇಕಾದಷ್ಟೇ ಅಂಕ ತೆಗೆದ ಹುಡುಗನ ಹಾಗೆ. ಪಾಸೇನೋ ಹೌದು, ಮುಂದೆ ಸೈನ್ಸ್ ಕೊಡಿಸಬೇಡಿ ಅಷ್ಟೇ.

ಮೊದಲ ರಾತ್ರಿಯೇ ಒಂದು ತಮಾಷೆ ಆಯಿತು. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶ ಹಾಕಲು ಹೋದೆ, ಬೇಡ ಅಂತು. ಎಷ್ಟು ಸಲ ಒತ್ತಿದರೂ ಅಷ್ಟೇ. ಲ್ಯಾಪ್‌ಟಾಪ್ ಹಾಳಾಗಿದೆ ಅಂತಲೇ ತಿಳಿದು ಬಿಲ್ಲು ಹುಡುಕತೊಡಗಿದೆ. ಆಮೇಲೆ ಮಗ ಬಂದು ನೋಡಿದ. ವಿಂಡೋಸ್ ‘ಎಸ್ ಮೋಡ್’ನಲ್ಲಿ ಇತ್ತು. ಅಂದರೆ ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಸಿಗುವ ಆ್ಯಪ್‌ಗಳನ್ನು ಮಾತ್ರ ಅದು ಒಳಗೆ ಬಿಡುತ್ತದೆ. ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ಇದು ಹೀಗೇ ಬರುವುದುಂಟು. ಗಾಬರಿ ಬೇಡ. ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್‌ಗೆ ಹೋಗಿ ಎಸ್ ಮೋಡ್‌ನಿಂದ ಹೊರಗೆ ಬರಬಹುದು, ದುಡ್ಡಿಲ್ಲ. ಒಮ್ಮೆ ಹೊರಗೆ ಬಂದರೆ ಮತ್ತೆ ಒಳಗೆ ಹೋಗುವ ಹಾಗಿಲ್ಲ. ಕನ್ನಡ ಡಿಟಿಪಿ ಮಾಡುವವರಿಗೆ ಒಳಗೆ ಹೋಗಿ ಆಗಬೇಕಾದದ್ದೂ ಏನಿಲ್ಲ.

ಈಗ ವೇಗದ ಮಾತು. ಎಲ್ಲರೂ ಮೊದಲು ಕೇಳುವುದು ಇದನ್ನೇ, ‘ಸ್ಲೋ ಅಲ್ವಾ?’

ಸ್ಲೋ ಹೌದು, ಆದರೆ ಎಲ್ಲದಕ್ಕೂ ಅಲ್ಲ. ನಮ್ಮ ಪ್ರೆಸ್ಸುಗಳಲ್ಲಿ ಪುಟ ಜೋಡಿಸಲು ಇವತ್ತಿಗೂ ಪೇಜ್‌ಮೇಕರ್ ಅನ್ನುವ ಹಳೆಯ ತಂತ್ರಾಂಶ ಓಡುತ್ತದೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಆಗಿನ ಕಂಪ್ಯೂಟರಿಗೆ ಮಾಡಿದ್ದು. ಅದು ಈ ಪುಟ್ಟ ಲ್ಯಾಪ್‌ಟಾಪಿನಲ್ಲಿ ಹಬ್ಬಕ್ಕೆ ತವರಿಗೆ ಬಂದ ಮಗಳ ಹಾಗೆ ಆರಾಮಾಗಿ ಇರುತ್ತದೆ. 120 ಪುಟದ ಪುರಾಣದ ಪುಸ್ತಕ ತೆರೆದು ಕೊನೆಯ ಪುಟಕ್ಕೆ ಹಾರಿದರೂ ತಡವರಿಸುವುದಿಲ್ಲ. ಈಗ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ, ಹಳೆಯ ನುಡಿ ಫಾಂಟೇ ಬೇಕು. ಆ ಫಾಂಟಿನಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇರುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಲಗ್ನಪತ್ರಿಕೆ ತಾಯಿತದ ಒಳಗಿನ ಚೀಟಿಯ ಹಾಗೆ ಕಾಣುತ್ತದೆ. ಅದಕ್ಕೇ ನಾನು ಪ್ರೆಸ್ಸಿನ ಕಂಪ್ಯೂಟರನ್ನು ನಂಬದೆ ನನ್ನದನ್ನೇ ಹೊತ್ತು ತಿರುಗುವುದು.

ಬ್ರೌಸರ್ ತೆರೆದಿರೋ, ಕಥೆ ಬೇರೆ. ಸುಮ್ನೆ ಆನ್ ಮಾಡಿ ಕೂತರೂ 4 ಜಿಬಿಯಲ್ಲಿ ಎರಡೂವರೆ ಜಿಬಿ ವಿಂಡೋಸೇ ತಿಂದಿರುತ್ತದೆ. ಉಳಿದದ್ದರಲ್ಲಿ ವಾಟ್ಸ್‌ಆ್ಯಪ್ ವೆಬ್, ಜಿಮೇಲ್, ನಿಘಂಟು ನೋಡಲು ಒಂದು ಟ್ಯಾಬ್. ಇಲ್ಲಿಗೆ ನಡೆಯುತ್ತದೆ. ಆರನೇ ಟ್ಯಾಬ್ ತೆರೆದಾಗ ಬಾಣದ ಗುರುತು ಗೋಲ ಸುತ್ತತೊಡಗುತ್ತದೆ. ಆ ಹೊತ್ತಿನಲ್ಲಿ ಒಲೆಯ ಮೇಲೆ ಅನ್ನಕ್ಕೆ ಇಟ್ಟು ಬರಬಹುದು. ಈ ಪ್ರೊಸೆಸರಿಗೆ ಇರುವುದು ಎರಡೇ ಕೋರ್. ಎರಡು ಕೈಯವಳಿಗೆ ನಾಲ್ಕು ಮಂದಿ ಕೆಲಸ ಹೇಳಿದರೆ ಏನಾಗುತ್ತದೋ ಅದೇ ಆಗುತ್ತದೆ.

ಆದರೆ ನನಗೆ ಜಾಸ್ತಿ ಕಾಡಿದ್ದು ವೇಗ ಅಲ್ಲ, ಜಾಗ. 64 ಜಿಬಿ ಅಂದರೆ ಕೈಗೆ 64 ಸಿಗುವುದಿಲ್ಲ. ಕಂಪನಿಯವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಹಾಗಾಗಿ ತೆರೆದ ದಿನವೇ 60ಕ್ಕಿಂತ ಕೆಳಗೆ ತೋರಿಸುತ್ತದೆ. ಅದರಲ್ಲಿ ವಿಂಡೋಸ್ ತನ್ನ ಪಾಲು ತೆಗೆದುಕೊಂಡ ಮೇಲೆ ನನಗೆ ಉಳಿದದ್ದು 30 ಜಿಬಿ ಚಿಲ್ಲರೆ. ಆರು ತಿಂಗಳಿಗೆ ಅದು 9 ಆಯಿತು. ನಾನು ಸಿನಿಮಾ ಇಟ್ಟವಳಲ್ಲ, ಹಾಡು ಇಟ್ಟವಳೂ ಅಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಗಿರಾಕಿಗಳು ಕಳಿಸಿದ ಫೋಟೋ, ಅವರ ಮನೆದೇವರ ಚಿತ್ರ, ಪಿಡಿಎಫ್, ಅದರ ಮೇಲೆ ವಿಂಡೋಸ್ ತಾನಾಗಿಯೇ ಇಳಿಸಿಕೊಂಡ ಅಪ್‌ಡೇಟ್.

ಒಂದು ದಿನ ದೊಡ್ಡ ಅಪ್‌ಡೇಟ್ ಬಂತು, ಜಾಗ ಸಾಲುವುದಿಲ್ಲ ಅಂತು. ಹೊರಗಿನ ಡ್ರೈವ್ ಹಚ್ಚಿ ಅಂತ ಅದೇ ಹೇಳಿತು. 32 ಜಿಬಿ ಪೆನ್‌ಡ್ರೈವ್ ಹಚ್ಚಿ ರಾತ್ರಿ ಊಟ ಆದ ಮೇಲೆ ಶುರು ಮಾಡಿದೆ. ಬೆಳಿಗ್ಗೆ ನಳಕ್ಕೆ ನೀರು ಬಂದ ಹೊತ್ತಿಗೆ ಮುಗಿದಿತ್ತು. ಆಮೇಲೆ ಮಗ ವಿಂಡೋಸಿನ ‘ಹೈಬರ್ನೇಟ್’ ಅನ್ನುವ ನಿದ್ದೆಯ ಸೌಲಭ್ಯ ಬಂದ್ ಮಾಡಿ ಒಂದೂವರೆ ಜಿಬಿ ಬಿಡಿಸಿಕೊಟ್ಟ. 128 ಜಿಬಿಯ ಮೆಮೊರಿ ಕಾರ್ಡ್ ತಂದು ಪಕ್ಕದ ಸಂದಿನಲ್ಲಿ ಹಾಕಿದ. ಈಗ ನನ್ನ ಕಡತ ಎಲ್ಲ ಅದರಲ್ಲೇ. ವಾರಕ್ಕೊಮ್ಮೆ ಅದನ್ನೂ ಪೆನ್‌ಡ್ರೈವಿಗೆ ನಕಲು ಮಾಡಿ ಇಡುತ್ತೇನೆ, ಮೆಮೊರಿ ಕಾರ್ಡನ್ನು ನಂಬಿ ಕೆಟ್ಟವರನ್ನು ಪ್ರೆಸ್ಸಿನಲ್ಲಿ ಕಂಡಿದ್ದೇನೆ.

‘ಅವ್ವಾ, ಇದಕ್ಕ ಎಸ್‌ಎಸ್‌ಡಿ ಹಾಕಿಸಿಬಿಡೂಣು’ ಅಂದ ಮಗ. ಅಂದರೆ ಬೇರೆ ದೊಡ್ಡ, ವೇಗದ ಸ್ಟೋರೇಜ್. ಗದಗದಲ್ಲಿ ನನಗೆ ಪರಿಚಯದ ಒಬ್ಬ ರಿಪೇರಿಯವನಿದ್ದಾನೆ. ಸಣ್ಣ ಗೂಡಂಗಡಿ, ಕೈ ಚಲೋ. ಅವನು ಹಿಂಬದಿಯ ತಗಡು ಬಿಚ್ಚಿ ನಮಗೂ ತೋರಿಸಿದ. ಅಂಗೈಯಷ್ಟು ಹಸಿರು ಬೋರ್ಡು, ಉಳಿದದ್ದೆಲ್ಲ ಬ್ಯಾಟರಿ. ‘ನೋಡ್ರೀ ಅಕ್ಕಾರ, ರ‍್ಯಾಮೂ ಬೆಸುಗಿ, ಸ್ಟೋರೇಜೂ ಬೆಸುಗಿ. ಮೊಬೈಲ್‌ದಾಗ ಇರ್ತೈತಲ್ಲ, ಹಂಗ. ಇದಕ್ಕ ಏನೂ ಹಾಕಾಕ ಬರೂದಿಲ್ಲ, ತಗಿಯಾಕೂ ಬರೂದಿಲ್ಲ.’ ತಗಡು ಮುಚ್ಚಿ ದುಡ್ಡು ಬೇಡ ಅಂದ. ಇಎಂಎಂಸಿ ಅಂದರೆ ಇದು. ತಂದ ದಿನ ಎಷ್ಟಿದೆಯೋ ಸಾಯುವ ದಿನವೂ ಅಷ್ಟೇ. ಕೊಳ್ಳುವವರು ಅಂಗಡಿಯಲ್ಲೇ ಕೇಳಿ, ಸ್ಟೋರೇಜ್ ಬದಲಿಸಲು ಬರುತ್ತದೋ ಇಲ್ಲವೋ. ‘ಬರುತ್ತೆ’ ಅಂದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಇನ್ನು ಕೀಬೋರ್ಡ್. ಇದರ ಬಗ್ಗೆ ಯಾರೂ ಬರೆಯುವುದಿಲ್ಲ, ನಾನು ಬರೆಯಲೇಬೇಕು. ನುಡಿಯಲ್ಲಿ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸದ ದಾರಿಯಲ್ಲೇ ಟೈಪ್ ಮಾಡುತ್ತೇವೆ. ಅದರಲ್ಲಿ ಒತ್ತಕ್ಷರ ಬರಬೇಕೆಂದರೆ ನಡುವೆ ಎಫ್ ಒತ್ತಬೇಕು. ಅಕ್ಕ ಅನ್ನಲು ಒಂದು ಎಫ್. ಹತ್ತು ಅನ್ನಲು ಒಂದು. ಗದಗಕ್ಕೆ ಒಂದೂ ಬೇಡ, ಹುಬ್ಬಳ್ಳಿಗೆ ಎರಡು. ದಿನಕ್ಕೆ ಎಷ್ಟು ಸಾವಿರ ಸಲ ಆ ಒಂದು ಕೀ ಮೇಲೆ ಎಡಗೈ ತೋರುಬೆರಳು ಬೀಳುತ್ತದೋ ನೀವೇ ಲೆಕ್ಕ ಹಾಕಿ. ನನ್ನ ಲ್ಯಾಪ್‌ಟಾಪಿನಲ್ಲಿ ಎಂಟು ತಿಂಗಳಿಗೇ ಎಫ್‌ನ ಬಿಳಿ ಬಣ್ಣ ಹೋಯಿತು. ಬೆರಳಿಗೆ ಗುರುತು ಸಿಗಲೆಂದು ಅದರ ಮೇಲೊಂದು ಉಬ್ಬು ಗೆರೆ ಇರುತ್ತದಲ್ಲ, ಅದೂ ಸವೆಯಿತು. ಈಗ ಅಲ್ಲಿ ಮಗಳ ಹಣೆಗೆ ಹಚ್ಚುವ ಸ್ಟಿಕರ್ ಬಿಂದಿ ಅಂಟಿಸಿದ್ದೇನೆ. ತಿಂಗಳಿಗೊಂದು ಬಿಂದಿ.

ಇದನ್ನು ತಪ್ಪು ಅನ್ನಲಾರೆ. ಇಂಗ್ಲಿಷ್ ಬರೆಯುವವರಿಗೆ ಎಫ್ ಅಷ್ಟು ಬೇಕಾಗುವುದಿಲ್ಲ, ಕಂಪನಿಯವರಿಗೆ ನಮ್ಮ ಒತ್ತಕ್ಷರದ ಕಷ್ಟ ಹೇಗೆ ಗೊತ್ತಾಗಬೇಕು? ನಿಜವಾದ ತೊಂದರೆ ಬಲಗಡೆಯ ಶಿಫ್ಟ್. ಚಿಕ್ಕ ಕೀಬೋರ್ಡಿನಲ್ಲಿ ಜಾಗ ಉಳಿಸಲು ಅದನ್ನು ಅರ್ಧ ಕತ್ತರಿಸಿ ಪಕ್ಕದಲ್ಲೇ ಮೇಲಿನ ಬಾಣದ ಕೀ ಕೂರಿಸಿದ್ದಾರೆ. ಮಹಾಪ್ರಾಣ ಬರಬೇಕೆಂದರೆ ಶಿಫ್ಟ್ ಬೇಕು. ಥ, ಧ, ಘ, ಛ, ಭ ಇವೆಲ್ಲ ಎಡಗೈ ಅಕ್ಷರಗಳು, ಹಾಗಾಗಿ ಟೈಪಿಂಗ್ ಕ್ಲಾಸಿನಲ್ಲಿ ಕಲಿತವರು ಬಲಗೈ ಕಿರುಬೆರಳಿನಿಂದ ಬಲ ಶಿಫ್ಟ್ ಒತ್ತುತ್ತಾರೆ. ಕಿರುಬೆರಳು ಒಂದು ಕೂದಲು ಆಚೆ ಹೋದರೆ ಬಾಣದ ಕೀ ಒತ್ತಿ ಕರ್ಸರ್ ಮೇಲಿನ ಸಾಲಿಗೆ ಹಾರುತ್ತದೆ. ಮಹಾಪ್ರಾಣ ಅಲ್ಪಪ್ರಾಣವಾಗಿ ಯಾವುದೋ ಸಾಲಿನಲ್ಲಿ ಹೋಗಿ ಬೀಳುತ್ತದೆ. ಅರ್ಧ ಒತ್ತಿದರೆ ಧ ಹೋಗಿ ದ ಆಗುತ್ತದೆ.

ಹೀಗೆ ಆದದ್ದೇ ಆ ಲಗ್ನಪತ್ರಿಕೆ.

ವೈಶಾಖದ ಸೀಸನ್. ಒಂದೇ ದಿನ ಏಳು ಪತ್ರಿಕೆ. ನಾನೇ ಟೈಪ್ ಮಾಡಿದ್ದು, ನಾನೇ ರೈಲಿನಲ್ಲಿ ಪ್ರೂಫ್ ನೋಡಿದ್ದು. ಹುಲಕೋಟಿ ದಾಟುವ ಹೊತ್ತಿಗೆ ಐದನೆಯದು, ಅಣ್ಣಿಗೇರಿಗೆ ಏಳನೆಯದು ಮುಗಿಯಿತು. ಹುಬ್ಬಳ್ಳಿಯಲ್ಲಿ ಕೊಟ್ಟೆ, 400 ಪ್ರತಿ ಛಾಪಾಯಿತು. ಮೂರನೆಯ ದಿನ ಹೆಣ್ಣಿನ ತಂದೆ ಪತ್ರಿಕೆ ಹಿಡಿದು ಪ್ರೆಸ್ಸಿಗೆ ಬಂದರು. ನಾನೂ ಅಲ್ಲೇ ಇದ್ದೆ. ಸಿಟ್ಟು ಮಾಡಲಿಲ್ಲ, ಕನ್ನಡಕ ಏರಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ವದು-ವರರನ್ನು ಆಶೀರ್ವದಿಸಬೇಕಾಗಿ ವಿನಂತಿ.’ ಆಮೇಲೆ ಕೇಳಿದರು, ‘ಅಕ್ಕಾರ, ನಮ್ಮ ಮಗಳು ವಧು ಅಲ್ಲೇನ್ರೀ?’ ಅವರು ನಿವೃತ್ತ ಕನ್ನಡ ಮಾಸ್ತರ ಅಂತ ಆಮೇಲೆ ಗೊತ್ತಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮರುಮುದ್ರಣದ ಖರ್ಚಿನಲ್ಲಿ ಅರ್ಧ ನನ್ನ ಕೂಲಿಯಲ್ಲಿ ಮುರಿದರು, 1,800 ರೂಪಾಯಿ. ಮುರಿದದ್ದು ಸರಿಯೇ.

ಮನೆಗೆ ಬಂದು ಅದೇ ಕಡತ ತೆರೆದು ನೋಡಿದೆ. ಪೂರ್ತಿ ಪುಟ ಕಾಣುವ ಹಾಗೆ ಇಟ್ಟರೆ ವಧು ಮತ್ತು ವದು ಎರಡೂ ಒಂದೇ! ಇಪ್ಪತ್ತು ವರ್ಷದ ಕಣ್ಣಿಗೂ ಒಂದೇ. ಲೆಕ್ಕ ಹಾಕಿದೆ. ಪರದೆಯ ಎತ್ತರ 768 ಚುಕ್ಕಿ. ಮೇಲಿನ ಮೆನು, ಕೆಳಗಿನ ಪಟ್ಟಿ ಕಳೆದರೆ ಕೈಗೆ ಸಿಗುವುದು 600. ಒಂದು ಎ4 ಪುಟ ಅಷ್ಟರಲ್ಲಿ ಕೂರಬೇಕು. ಆಗ 12 ಪಾಯಿಂಟಿನ ಅಕ್ಷರಕ್ಕೆ ಎತ್ತರದಲ್ಲಿ ಬರುವುದು ಎಂಟೋ ಒಂಬತ್ತೋ ಚುಕ್ಕಿ. ಆ ಎಂಟು ಚುಕ್ಕಿಯಲ್ಲಿ ತಲೆಕಟ್ಟು ಬರಬೇಕು, ಹೊಟ್ಟೆ ಬರಬೇಕು, ಕೊಂಬು ಬರಬೇಕು. ಧಕಾರದ ಕೆಳಗಿನ ಆ ಒಂದು ಸಣ್ಣ ಗೆರೆಗೆ ಎಲ್ಲಿದೆ ಜಾಗ? ಪ ಮತ್ತು ಫ, ಡ ಮತ್ತು ಢ ಇವೂ ಹಾಗೇ. ಹೊಟ್ಟೆ ಸೀಳಿದ ಷ ಒಂದು ಸ್ವಲ್ಪ ವಾಸಿ, ಅದರ ಹೊಟ್ಟೆಯೊಳಗೆ ಏನೋ ಕಪ್ಪಗಿದೆ ಅಂತಾದರೂ ತಿಳಿಯುತ್ತದೆ. ಇಂಗ್ಲಿಷ್ ಓದುವವರಿಗೆ ಈ ಪರದೆ ಸಾಕಾಗಬಹುದು. ಕನ್ನಡ ಅಕ್ಷರದ ಮೇಲೆ ಕೆಳಗೆ ಪಕ್ಕಕ್ಕೆ ಸಂಸಾರವೇ ಇದೆ. ಫುಲ್ ಎಚ್‌ಡಿ ಪರದೆಯಲ್ಲಿ 20 ಲಕ್ಷಕ್ಕೂ ಮಿಕ್ಕಿ ಚುಕ್ಕಿ ಇರುತ್ತವೆ, ಇದರಲ್ಲಿ 10 ಲಕ್ಷ ಚಿಲ್ಲರೆ. ಹೆಚ್ಚುಕಡಿಮೆ ಅರ್ಧ.

ಸಾಲದ್ದಕ್ಕೆ ಇದು ಟಿಎನ್ ಪ್ಯಾನೆಲ್, ಅಗ್ಗದ ಜಾತಿಯ ಪರದೆ. ಎದುರಿಗೇ ಕೂತು ನೋಡಬೇಕು. ಪಕ್ಕದಿಂದ ನೋಡಿದರೆ ಬಣ್ಣ ತೊಳೆದ ಹಾಗೆ, ಕೆಳಗಿನಿಂದ ನೋಡಿದರೆ ಎಲ್ಲ ಕಪ್ಪು. ರೈಲಿನ ಕಿಟಕಿಯ ಬಿಸಿಲು ಬಿದ್ದರಂತೂ ಏನೂ ಕಾಣದು. ಗಿರಾಕಿಗೆ ಪತ್ರಿಕೆಯ ಬಣ್ಣ ತೋರಿಸಲು ಇದನ್ನು ತೆರೆಯಬೇಡಿ. ಒಬ್ಬರಿಗೆ ಕುಂಕುಮ ಬಣ್ಣ ಅಂತ ತೋರಿಸಿದ್ದು ಅವರಿಗೆ ಇಟ್ಟಂಗಿ ಬಣ್ಣ ಕಂಡಿತ್ತು.

ಆವತ್ತಿನಿಂದ ಎರಡು ನಿಯಮ ಮಾಡಿಕೊಂಡೆ. ರೈಲಿನಲ್ಲಿ ಟೈಪಿಂಗ್ ಮಾತ್ರ. ಪ್ರೂಫ್ ನೋಡಲೇಬೇಕೆಂದರೆ 200 ಪರ್ಸೆಂಟಿಗೆ ದೊಡ್ಡದು ಮಾಡಿ, ಸಾಲು ಸಾಲಾಗಿ. ಮನೆಯಲ್ಲಾದರೆ ಹಳೆಯ ಡೆಸ್ಕ್‌ಟಾಪಿನ 19 ಇಂಚಿನ ಮಾನಿಟರ್ ಇದೆ, ಅಟ್ಟದಿಂದ ಇಳಿಸಿದೆ. ಕೇಬಲ್ ಹಚ್ಚುವ ಕಿಂಡಿ ಅದರದ್ದು ವಿಜಿಎ, ಇದರದ್ದು ಎಚ್‌ಡಿಎಂಐ. ನಡುವೆ ಹಾಕುವ ಕನ್ವರ್ಟರ್ 300 ರೂಪಾಯಿ. ಹಳೆಯ ಕೀಬೋರ್ಡೂ ಹಚ್ಚಿದೆ, ಬಲ ಶಿಫ್ಟ್ ಅದರಲ್ಲಿ ಎರಡು ಬೆರಳು ಅಗಲ. ಈಗ ಮನೆಯಲ್ಲಿ ಇದು ಲ್ಯಾಪ್‌ಟಾಪಿನ ಹಾಗೆ ಇರುವುದೇ ಇಲ್ಲ. ಮಾನಿಟರ್ ಹಿಂದೆ ಮುಚ್ಚಳ ಮುಚ್ಚಿಕೊಂಡು ಮಲಗಿರುತ್ತದೆ. ಹೊರಗೆ ಹೋಗುವ ದಿನ ಮಾತ್ರ ಎಬ್ಬಿಸಿ ಬ್ಯಾಗಿಗೆ ಹಾಕುತ್ತೇನೆ. ನನ್ನ ಮಟ್ಟಿಗೆ ಈ 18,900 ದಂಡ ಆಗದೆ ಉಳಿದದ್ದು ಇದರಿಂದಲೇ.

ಇಷ್ಟೆಲ್ಲ ಬೈದ ಮೇಲೆ, ನಾನು ಇದನ್ನು ಮಾರದೆ ಇರಲು ಕಾರಣವಾದ ಸಂಗತಿಗೆ ಬರುತ್ತೇನೆ. ಇದಕ್ಕೆ ಫ್ಯಾನ್ ಇಲ್ಲ. ಈ ಪ್ರೊಸೆಸರ್ ಎಳೆಯುವುದೇ 6 ವಾಟ್‌ನ ಆಸುಪಾಸು, ಹಾಗಾಗಿ ಫ್ಯಾನೇ ಇಡದೆ ಮಾಡಿದ್ದಾರೆ. ಅದರಿಂದ ನಿಮಗೇನು ಅನ್ನಬಹುದು. ನಮ್ಮ ಬೆಟಗೇರಿಯ ಓಣಿಗೆ ಬಂದು ನೋಡಿ. ಗೋಡೆಯ ಆಚೆ ಮಗ್ಗ. ಹಗಲೆಲ್ಲ ಖಟಖಟ. ನೂಲಿನ ಧೂಳು ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ, ಬೆಳಿಗ್ಗೆ ಒರೆಸಿದ ಮೇಜು ಮಧ್ಯಾಹ್ನಕ್ಕೆ ಬೆಳ್ಳಗೆ. ಹಳೆಯ ಡೆಸ್ಕ್‌ಟಾಪಿನ ಫ್ಯಾನಿನಿಂದ ಮೂರು ತಿಂಗಳಿಗೊಮ್ಮೆ ದೀಪದ ಬತ್ತಿ ಹೊಸೆಯುವಷ್ಟು ಅರಳೆ ತೆಗೆಯುತ್ತಿದ್ದೆ. ತಮ್ಮನ ಲ್ಯಾಪ್‌ಟಾಪ್ ನಮ್ಮ ಮನೆಯಲ್ಲಿದ್ದ ಒಂದೇ ತಿಂಗಳಿಗೆ ಕುಕ್ಕರಿನ ಹಾಗೆ ಕೂಗತೊಡಗಿತ್ತು. ಇದು ಎರಡು ವರ್ಷದಿಂದ ಉಸಿರೇ ಆಡಿಸಿಲ್ಲ. ರಿಪೇರಿಯವನು ತಗಡು ಬಿಚ್ಚಿದಾಗ ಒಳಗೆ ಹೊಸದರ ಹಾಗೆ ಇತ್ತು. ಬೇಸಿಗೆಯಲ್ಲಿ ತಳ ಬೆಚ್ಚಗಾಗುತ್ತದೆ, ತೊಡೆಯ ಮೇಲೆ ಇಟ್ಟುಕೊಳ್ಳಲು ತೊಂದರೆಯಿಲ್ಲ. ರಾತ್ರಿ ಹನ್ನೊಂದಕ್ಕೆ ಮಗ್ಗ ನಿಂತು, ಮನೆಮಂದಿ ಮಲಗಿ, ನಾನೊಬ್ಬಳೇ ಕೂತು ಟೈಪ್ ಮಾಡುವಾಗ ಕೇಳಿಸುವುದು ಕೀ ಸದ್ದು ಮಾತ್ರ. ಆ ಹೊತ್ತಿಗೆ ನನಗೆ ಇದರ ಮೇಲೆ ಪ್ರೀತಿ ಉಕ್ಕುತ್ತದೆ. ಇರಲಿ.

ಬ್ಯಾಟರಿಯೂ ಚಲೋ. ಡಬ್ಬಿಯ ಮೇಲೆ ಹತ್ತು ತಾಸು ಅಂತಿತ್ತು, ಅದು ಯಾವ ಊರಿನ ತಾಸೋ. ನನಗೆ ಸಿಕ್ಕದ್ದು ಆರೂವರೆ. ಈಗ ನಾಲ್ಕೂವರೆಗೆ ಇಳಿದಿದೆ. ಹೋಗಿ ಬರುವ ರೈಲಿನ ಹೊತ್ತು, ನಡುವೆ ಪ್ರೆಸ್ಸಿನಲ್ಲಿ ಕೂರುವ ಹೊತ್ತು ಎಲ್ಲ ಸೇರಿ ಅಷ್ಟರಲ್ಲಿ ಆಗುತ್ತದೆ. ಕರೆಂಟ್ ಹೋದಾಗ ಡೆಸ್ಕ್‌ಟಾಪ್ ಟಪ್ಪನೆ ಆರಿ ಅರ್ಧ ಪುಟ ನುಂಗುತ್ತಿತ್ತು. ಈಗ ಕರೆಂಟ್ ಹೋದದ್ದು ಮೇಲಿನ ಫ್ಯಾನ್ ನಿಂತ ಮೇಲೆ ಗೊತ್ತಾಗುತ್ತದೆ.

ಕ್ಯಾಮೆರಾ ಹಳೆಯ ವಿಜಿಎ ಮಟ್ಟದ್ದು, ಮಸುಕು. ಮಗ ಒಂದು ಆನ್‌ಲೈನ್ ಇಂಟರ್‌ವ್ಯೂಗೆ ಇದರಲ್ಲಿ ಕೂತ, ವೋಟರ್ ಐಡಿಯ ಫೋಟೋ ಮಾತಾಡಿದ ಹಾಗೆ ಇತ್ತು. ಮೊಬೈಲಿಗೆ ಬದಲಾಯಿಸಿದ. ಸ್ಪೀಕರ್ ಬಗ್ಗೆ ಹೇಳುವಂಥದ್ದು ಏನಿಲ್ಲ.

ಚಾರ್ಜರಿನದ್ದು ಒಂದು ರಾಮಾಯಣ. ದುಂಡನೆಯ ಸಣ್ಣ ಪಿನ್ನು. ಒಂದೂವರೆ ವರ್ಷಕ್ಕೆ ಅದರ ತೂತು ಸಡಿಲವಾಗಿ, ಲ್ಯಾಪ್‌ಟಾಪನ್ನು ಎಡಕ್ಕೆ ವಾಲಿಸಿದರೆ ಚಾರ್ಜ್, ಬಲಕ್ಕೆ ವಾಲಿಸಿದರೆ ಇಲ್ಲ ಅನ್ನುವ ಹಾಗಾಯಿತು. ವಾರಂಟಿ ಒಂದೇ ವರ್ಷ. ಸರ್ವಿಸ್ ಸೆಂಟರಿಗೆ ಒಯ್ದೆ. ಟೋಕನ್ ತೆಗೆದುಕೊಂಡು ಎರಡು ತಾಸು ಕೂತೆ. ‘ಬೋರ್ಡ್ ಬದಲಿಸಬೇಕು ಮೇಡಂ, 7,500 ಆಗುತ್ತೆ’ ಅಂದರು. ಹೊಸದರ ಬೆಲೆಯೇ 18,900, ಅದರಲ್ಲಿ 7,500 ಒಂದು ತೂತಿಗೆ! ಎದ್ದು ಬಂದೆ. ಅದೇ ನಮ್ಮ ಗೂಡಂಗಡಿಯವನು ಹಳೆಯ ಜ್ಯಾಕ್ ಕಿತ್ತು ಹೊಸದು ಬೆಸೆದು 450 ತೆಗೆದುಕೊಂಡ. ‘ವಾಯರ್ ಎಳೀಬ್ಯಾಡ್ರೀ ಅಕ್ಕಾರ, ಪಿನ್ ಹಿಡದ ತಗೀರಿ’ ಅಂತ ಬುದ್ಧಿವಾದವನ್ನೂ ಸೇರಿಸಿದ. ಈಗ ಟೈಪ್ ಸಿ ಚಾರ್ಜರಿನ ಸಣ್ಣ ಲ್ಯಾಪ್‌ಟಾಪ್‌ಗಳು ಬರುತ್ತಿವೆ. ಸಿಕ್ಕರೆ ಅವನ್ನೇ ತೆಗೆದುಕೊಳ್ಳಿ.

ಈಗ ಕೊಳ್ಳುವವರು ನನ್ನದೇ ಮಾಡೆಲ್ ಹುಡುಕಬೇಡಿ. 2023ರಿಂದ ಇಂಟೆಲ್ ಹೊಸ ಲ್ಯಾಪ್‌ಟಾಪ್ ಚಿಪ್‌ಗಳಿಗೆ ಸೆಲೆರಾನ್ ಅನ್ನುವ ಹೆಸರನ್ನೇ ಬಿಟ್ಟಿದೆ. ಅದರ ಜಾಗಕ್ಕೆ ಎನ್100 ಬಂದಿದೆ, ನಾಲ್ಕು ಕೋರ್, ಅದೂ 6 ವಾಟ್‌ನದ್ದೇ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಫುಲ್ ಎಚ್‌ಡಿ ಪರದೆ, ಈ ಮೂರರಲ್ಲಿ ಒಂದನ್ನಾದರೂ ಬಿಡಲೇಬೇಕು ಅಂದರೆ ರ‍್ಯಾಮ್ ಬಿಡಿ. ಮಗ ಇದನ್ನು ಒಪ್ಪುವುದಿಲ್ಲ, ಎಲ್ಲಕ್ಕಿಂತ ರ‍್ಯಾಮ್ ಮುಖ್ಯ ಅನ್ನುತ್ತಾನೆ. ಅವನು 1,800 ರೂಪಾಯಿ ಕಟ್ಟಿಲ್ಲ. ಕ್ರೋಮ್‌ಬುಕ್ ಅಂತ ವಿಂಡೋಸ್ ಇಲ್ಲದ ಲ್ಯಾಪ್‌ಟಾಪ್ ಒಂದಿದೆ, ಅದರಲ್ಲಿ ಪೇಜ್‌ಮೇಕರ್ ಓಡುವುದಿಲ್ಲ. ನನ್ನ ಮಟ್ಟಿಗೆ ಅಲ್ಲಿಗೆ ಮಾತು ಮುಗಿಯಿತು.

ಹಿಂದಿನ ಓಣಿಯ ಹುಡುಗಿಯೊಬ್ಬಳು ಬಿಸಿಎ ಸೇರಿದಳು. ಅವಳ ಅವ್ವ ಬಂದು, ‘ನಿಮ್ಮಂಥಾದ್ದ ಒಂದು ಸಣ್ಣದು ಕೊಡಸ್ತೀವ್ರೀ’ ಅಂದಾಗ ಬೇಡವೇ ಬೇಡ ಅಂದೆ. ಮನೆಗೆ ಅದೊಂದೇ ಕಂಪ್ಯೂಟರ್ ಆಗುವುದಾದರೆ, ಅದರಲ್ಲೇ ಮೂರು ವರ್ಷ ಕೋಡಿಂಗ್ ಕಲಿಯಬೇಕಾದರೆ, ಇದು ಆಗದ ಮಾತು. ಅದೇ ದುಡ್ಡಿನ ಆಸುಪಾಸಿಗೆ ಆಫೀಸುಗಳಿಂದ ಬಂದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಸಿಗುತ್ತವೆ, ಆದರೆ ಇಂಟೆಲ್ ಎಂಟನೇ ತಲೆಮಾರಿನ ಪ್ರೊಸೆಸರಿಗಿಂತ ಹಳೆಯದು ತರಬೇಡಿ ಅಂದೆ. ಅದಕ್ಕಿಂತ ಹಳೆಯದರಲ್ಲಿ ಹೆಚ್ಚಿನವಕ್ಕೆ ವಿಂಡೋಸ್ 11 ಅಧಿಕೃತವಾಗಿ ಹಾಕಲು ಬರುವುದಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ಆರನೇ ತಲೆಮಾರಿನವು ಅಗ್ಗಕ್ಕೆ ಸಿಗುವುದು ಅದಕ್ಕೇ. ಅವರು ಹುಬ್ಬಳ್ಳಿಗೆ ಹೋಗಿ 14 ಇಂಚಿನದು ತಂದರು. ಎಂಟನೇ ತಲೆಮಾರಿನ ಐ5, 8 ಜಿಬಿ, 256 ಜಿಬಿ ಎಸ್‌ಎಸ್‌ಡಿ, 21,000 ರೂಪಾಯಿ. ನಾನೂ ಮುಟ್ಟಿ ನೋಡಿದೆ. ಹನ್ನೆರಡು ಟ್ಯಾಬ್ ತೆರೆದರೂ ಗೋಲ ಸುತ್ತಲಿಲ್ಲ. ಹೊಟ್ಟೆಯಲ್ಲಿ ಸ್ವಲ್ಪ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ.

ಮೊನ್ನೆ ಅದೇ ಹುಡುಗಿ ಸಂಜೆ ಬಂದು ಬಾಗಿಲಲ್ಲಿ ನಿಂತಳು. ‘ಆಂಟಿ, ಎರಡ ದಿನಾ ನಿಮ್ಮ ಲ್ಯಾಪ್‌ಟಾಪ್ ಕೊಡ್ತೀರೇನ್ರೀ? ಧಾರವಾಡಕ್ಕ ಹೋಗೂದೈತಿ, ಸೆಮಿನಾರ್ ಐತ್ರಿ. ನಂದು ಭಾಳ ವಜ್ಜ ಆಗ್ತೈತಿ, ಮ್ಯಾಲ ಚಾರ್ಜರ್ ತಗದ್ರ ಒಂದ ತಾಸೂ ನಡಿಯೂದಿಲ್ಲ.’

ಕೊಟ್ಟೆ. ಎಫ್ ಮೇಲಿನ ಬಿಂದಿ ಕೀಳಬೇಡ ಅಂದೆ.